ನಾನು ಕುಂಕುಮ ಹಚ್ಚಿದ ಕಲ್ಲು

ತೀರ್ಥರೂಪ ಶ್ರೀಪಾದಕಾಕಾ,

ನಿಮ್ಮ ಕ್ಷೇಮ ಕೇಳಿ ಪತ್ರ ಶುರು ಮಾಡುವ ಹಾಗಿಲ್ಲ, ನಮ್ಮ ಕ್ಷೇಮ ಹೇಳುವ ಮನಸ್ಸೂ ಇಲ್ಲ. ಜನ್ಮವೆಲ್ಲ ತಾರ್ ಆಫೀಸಿನಲ್ಲಿ ಕೂತವರು ನೀವು, ಸುತ್ತಿ ಬಳಸಿ ಮಾತಾಡಿದರೆ ಸಿಟ್ಟಾಗುತ್ತಿದ್ದಿರಿ. ಅದಕ್ಕೆ ನೇರವಾಗಿ ಹೇಳುತ್ತೇನೆ. ಅಕ್ಕಲಕೋಟ ರಸ್ತೆಯ ಕುರುಚಲು ಕಾಡಿನಲ್ಲಿ ಟಿಟವಿ ಹಕ್ಕಿಗಳು ಮೊಟ್ಟೆ ಇಡುತ್ತಿದ್ದ ಆ ಜಾಗ ಹೋಯಿತು. ಕಳೆದವಳು ನಾನು, ನಿಮ್ಮ ವಾಡೆಯ ಸುಮಿ. ನೋಡಿ ಬಂದು ಆರು ದಿನವಾಯಿತು.

ನೀವು ನಿವೃತ್ತರಾದ ಮೊದಲ ರವಿವಾರ ವಾಡೆಯ ಮನೆಮನೆಯ ಬಾಗಿಲು ಬಡಿದದ್ದು ನೆನಪಿದೆಯೇ? “ಏಳ್ರಿ, ಅಡವಿ ನೋಡ್ಲಿಕ್ಕೆ ಹೋಗೋಣು” ಎಂದಿರಿ. ಗಿರಣಿಯ ಭೋಂಗಾ ಕೂಗಿದ್ದು ಕೇಳಿ ಏಳುವ ಸೊಲ್ಲಾಪುರದವರಿಗೆ ಎಲ್ಲಿಯ ಅಡವಿ? ಟೀವಿಯಲ್ಲಿ ಪೌರಾಣಿಕ ಧಾರಾವಾಹಿ ಶುರುವಾಗುವುದರೊಳಗೆ ಮನೆ ಮುಟ್ಟಿಸಬೇಕು ಎಂಬ ಕರಾರಿನ ಮೇಲೆ ಹತ್ತು ಜನ ಹೊರಟೆವು. ನೋಡಿದರೆ ಜಾಲಿ, ಬೇವು, ತರವಡ ಗಿಡದ ಹಳದಿ ಹೂವು, ಕಲ್ಲು. “ಕಾಕಾ, ಇದಕ್ಕ ಅಡವಿ ಅಂತಾರೇನು?” ಎಂದು ನಾನು ಗೊಣಗುತ್ತ ಹೆಜ್ಜೆ ಎತ್ತಿದ್ದೆ. “ಸುಮೀ, ಕಾಲು ಹಂಗ ಹಿಡಿ. ಇಳಸಬ್ಯಾಡ” ಎಂದಿರಿ. ಒಂಟಿಗಾಲಿನಲ್ಲಿ ನಿಂತು ಕೆಳಗೆ ನೋಡಿದೆ. ನಾಲ್ಕು ಮೊಟ್ಟೆ, ಥೇಟ್ ಅಲ್ಲಿನ ಮಣ್ಣಿನದೇ ಬಣ್ಣ. ಗೂಡೂ ಇಲ್ಲ, ಕಡ್ಡಿಯೂ ಇಲ್ಲ. ತಲೆಯ ಮೇಲೆ ತಾಯಿ ಹಕ್ಕಿ, ನೀವು ಟಿಟವಿ ಎಂದು ತೋರಿಸಿದ ಟಿಟ್ಟಿಭ, ಅರಚಿಕೊಂಡು ಸುತ್ತುತ್ತಿತ್ತು. ಅವತ್ತು ಧಾರಾವಾಹಿ ತಪ್ಪಿತು, ಯಾರೂ ನಿಮ್ಮನ್ನು ಬೈಯಲಿಲ್ಲ. ಅಂದಿನಿಂದ ಪ್ರತಿ ರವಿವಾರದ ನಡಿಗೆ ಶುರುವಾಯಿತು.

ದೀಪಾವಳಿಗೆ ಗೋಡೆ ಬಳಿದು ಉಳಿದ ಸುಣ್ಣವನ್ನು ನೀವು ಡಬ್ಬಿಯಲ್ಲಿ ಕೂಡಿಸಿಡುತ್ತಿದ್ದಿರಲ್ಲ, ಮನೆಯಲ್ಲಿ ಕಾಕೂ ಎಷ್ಟು ಬೈಯುತ್ತಿದ್ದರು. ಮೊಟ್ಟೆ ಕಂಡಲ್ಲಿ ನಾಲ್ಕು ಮಾರು ದೂರ ಬಿಟ್ಟು ಸುತ್ತಲೂ ಕಲ್ಲಿಟ್ಟು ಸುಣ್ಣ ಬಳಿಯುವುದು ನಿಮ್ಮ ಪದ್ಧತಿ. ಬಿಳಿ ಕಲ್ಲು ಕಂಡರೆ ನಡಿಗೆಗೆ ಬಂದವರೆಲ್ಲ ಹೊರಳಿ ಹೋಗಬೇಕು. ಬಂದವರಿಗೆ ನಿಮ್ಮ ಪಾಠ ಒಂದೇ: “ಮೊದಲ ಕಾಲ ಕೆಳಗ ನೋಡ್ರಿ, ಆಮ್ಯಾಲ ಮ್ಯಾಲ ನೋಡ್ರಿ.” ಮರಿಗಳು ಮೊಟ್ಟೆಯೊಡೆದು ಓಡಾಡುವ ತನಕ ನಿಮಗೆ ಊಟ ರುಚಿಸುತ್ತಿರಲಿಲ್ಲ.

ದವಾಖಾನೆಯಲ್ಲಿ ಕೊನೆಯ ಸಲ ಕಂಡಾಗ ನೀವು ನಿಮ್ಮ ಮಕ್ಕಳ ಬಗ್ಗೆ ಒಂದು ಮಾತೂ ಆಡಲಿಲ್ಲ. “ರವಿವಾರ ತಪ್ಪಸಬ್ಯಾಡ ಸುಮೀ. ಟಿಟವಿ ಜಾಗಾ ಕಾಯಿ” ಎಂದಿರಿ. “ಕಾಯ್ತೀನಿ ಕಾಕಾ” ಎಂದೆ. ಬಾಯಿಯಿಂದ ಎಷ್ಟು ಸಲೀಸಾಗಿ ಬಂತು ನೋಡಿ ಆ ಮಾತು.

ನೀವು ಹೋದ ಮೇಲಿನ ಮೊದಲ ಮಾರ್ಚಿನಲ್ಲಿ, ಆಚೆ ಹೊಸ ಮನೆಗಳು ಎದ್ದು ಇಟ್ಟಂಗಿ ತುಂಬಿದ ಟ್ರ್ಯಾಕ್ಟರುಗಳು ನಮ್ಮ ಕಾಡನ್ನು ಸೀಳಿಕೊಂಡು ಓಡಾಡತೊಡಗಿದವು. ಒಂದು ಬೆಳಿಗ್ಗೆ ಹೋದರೆ ಸುಣ್ಣದ ಕಲ್ಲು ಎರಡು ಹೋಳಾಗಿತ್ತು, ಗಾಲಿಯ ಗುರುತಿನಲ್ಲಿ ಮೊಟ್ಟೆ ಒಡೆದು ಅಂಟಿಕೊಂಡಿತ್ತು. ಟ್ರ್ಯಾಕ್ಟರಿನವನಿಗೆ ಅಡ್ಡ ನಿಂತೆ. “ಅಹೋ ಬಾಯಿ, ಹಕ್ಕಿ ತತ್ತಿ ಇಟ್ಟೈತಂತ ನಾ ಮೂರು ಮೈಲಿ ಸುತ್ತು ಹಾಕ್ಲೇನು?” ಎಂದು ನಕ್ಕು ಹೋದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹತ್ತು ಮಾರಿನಾಚೆ ಇನ್ನೊಂದು ಟಿಟವಿ ಮೊಟ್ಟೆಯ ಮೇಲೆ ಕೂತಿತ್ತು. ಪರ್ಸಿನಿಂದ ಕುಂಕುಮದ ಕರಂಡಿ ತೆಗೆದೆ, ಅಲ್ಲಿಯ ದೊಡ್ಡ ಬಿಳಿ ಕಲ್ಲಿಗೆ ಬಳಿದೆ, ನಾಲ್ಕು ತರವಡದ ಹೂವು ಕಿತ್ತು ಏರಿಸಿದೆ. ದೇವರ ಮೇಲೆ ಗಾಲಿ ಹಾಯಿಸುತ್ತಾನೇನು, ನೋಡೇಬಿಡೋಣ ಎಂದುಕೊಂಡೆ.

ಮರುದಿನ ಗಾಲಿಯ ಗುರುತು ಆ ಕಲ್ಲನ್ನು ದೂರದಿಂದಲೇ ಬಳಸಿ ಹೋಗಿತ್ತು! ನಿಮ್ಮ ಸುಣ್ಣದಿಂದ ಆಗದ್ದು ನನ್ನ ಚಿಟಿಕೆ ಕುಂಕುಮದಿಂದ ಆಯಿತೆಂದು ನಾನು ಎಷ್ಟು ಬೀಗಿದೆ ಗೊತ್ತೇ? ಆ ಮೊಟ್ಟೆಗಳು ಒಡೆದು ಮರಿಯಾದವು. ನಡಿಗೆಯವರಿಗೆ ಗುಟ್ಟು ಹೇಳಲಿಲ್ಲ. ಗುರುವಾರ ಅಕ್ಕಲಕೋಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರು ಅಲ್ಲಿ ನಿಂತು ಕೈ ಮುಗಿಯತೊಡಗಿದರು. ಕುಂಕುಮದ ಮೇಲೆ ಯಾರೋ ಶೇಂದೂರ ಬಳಿದರು, ಇನ್ಯಾರೋ ಹೊಲ ಕಾಯುವ ದೇವರು ಮ್ಹಸೋಬಾನ ಹೆಸರಿಟ್ಟರು. ನಾನು ಒಳಗೊಳಗೇ ನಗುತ್ತಿದ್ದೆ ಕಾಕಾ. ಒಳ್ಳೆಯದೇ ಆಯಿತು, ಕಾಯಲು ಒಬ್ಬ ದೇವರು ಸಿಕ್ಕ ಎಂದು...

ಅದೇ ಬೇಸಿಗೆಯಲ್ಲಿ ಅಕ್ಕಲಕೋಟದ ತವರುಮನೆಯಲ್ಲಿ ಅವ್ವ ಬಿದ್ದು ಸೊಂಟ ಮುರಿದುಕೊಂಡಳು. ನಾನು ಕಲಿಸುವ ಸಾಲಿಗೂ ಸೂಟಿ ಇತ್ತು, ಹೋದವಳು ಎರಡು ತಿಂಗಳು ಅಲ್ಲೇ ಉಳಿದೆ. ನಾನಿಲ್ಲದೆ ಒಂದು ರವಿವಾರವೂ ನಡಿಗೆ ಆಗಲಿಲ್ಲ. ತಪ್ಪಿಸಬೇಡ ಎಂದಿದ್ದಿರಿ, ತಪ್ಪಿಸಿದೆ.

ಹೋದ ರವಿವಾರ ಎಲ್ಲರನ್ನೂ ಎಬ್ಬಿಸಿಕೊಂಡು ಹೋದೆ. ದಾರಿ ತಪ್ಪಿದೆನೇ ಎಂದು ಎರಡು ಸಲ ಹಿಂದಿರುಗಿ ನೋಡಿದೆ. ತರವಡದ ಒಂದು ಗಿಡವೂ ಇರಲಿಲ್ಲ. ನೆಲವನ್ನೆಲ್ಲ ಬೋಳಿಸಿ, ಸಾರಿಸಿ, ಸಿಮೆಂಟಿನ ಕಟ್ಟೆ ಕಟ್ಟಿದ್ದರು. ಸುತ್ತ ಶಹಾಬಾದ ಕಲ್ಲಿನ ಫರಶಿ. ನಡುವೆ ಕೆಂಪಗೆ ಕೂತಿತ್ತು ನಿಮ್ಮ ಕಲ್ಲು, ಬೆಳ್ಳಿಯ ಎರಡು ಕಣ್ಣು ಇಟ್ಟುಕೊಂಡು. ನಿಮ್ಮ ಗೆಳೆಯ ಗುಂಡೇರಾವ್ ಮಾಸ್ತರರು ಛತ್ರಿಯ ಮೇಲೆ ಭಾರ ಹಾಕಿ, “ಇದೇನ ಆಗ್ಯದ ಇಲ್ಲಿ? ಯಾರ ಮಾಡ್ಯಾರ ಇದನ್ನ?” ಎಂದು ಕೇಳುತ್ತಲೇ ಇದ್ದರು.

ಕಟ್ಟೆ ಗುಡಿಸುತ್ತಿದ್ದ ಹೆಂಗಸು ಕಂದಲಗಾಂವದ ಶಾಂತಾಬಾಯಿ, ಆಚೆಯ ಮನೆಗಳ ಕಟ್ಟಡ ಕೆಲಸಕ್ಕೆ ಬರುವವಳು. “ಇಲ್ಲಿ ದೇವರು ತಾನಾಗೇ ಮೂಡ್ಯಾನ್ರಿ. ದವಾಖಾನಿಗೆ ತೋರಿಸಿ ಇಲ್ಲಿಗೆ ಕರಕೊಂಡ ಬಂದೆ, ನನ್ನ ಮಗಳ ಜ್ವರ ಇಲ್ಲೇ ಇಳೀತು” ಎಂದಳು. ಟಿಟವಿ ಎಲ್ಲಿ, ಮೊಟ್ಟೆ ಇರಲಿಲ್ಲವೇ ಎಂದು ಹೇಗೋ ಕೇಳಿದೆ. ಅವಳ ಮುಖ ಅರಳಿತು. “ಇದ್ದವು ಬಾಯಿ, ಮೂರು. ದೇವರ ಮುಂದ ಯಾರರೆ ತುಳದಾರಂತ ನಾನೇ ಎತ್ತಿ ಬಾಜೂಕ ಇಟ್ಟೀನಿ. ಬರ್ರಿ, ತೋರಸ್ತೀನಿ.”

ಬೇವಿನ ನೆರಳಿನಲ್ಲಿ, ಕಾಯಿಯ ಅರ್ಧ ಕರಟದಲ್ಲಿ ಹತ್ತಿ ಹಾಸಿ ಮೂರು ಮೊಟ್ಟೆ ಮಲಗಿಸಿದ್ದಳು ಕಾಕಾ. ಒಂದರಲ್ಲಿ ಇರುವೆ ಸಾಲು ಹಿಡಿದಿತ್ತು. “ಅವ್ವ ಹಕ್ಕಿ ಒಂದಿನಾನೂ ಬರಲಿಲ್ರಿ. ಯಾಕೋ ಏನೋ” ಎಂದಳು. ಹತ್ತಿ ಶುಭ್ರವಾಗಿತ್ತು, ದಿನಾ ಬದಲಿಸುತ್ತಿದ್ದಳಂತೆ. ಬೈಯಲು ಬಂದವಳು ನಾನು, ಯಾರನ್ನು ಬೈಯಲಿ?

ಅಲ್ಲಿಯೇ, ಎಲ್ಲರ ಮುಂದೆ, ಆ ಕಲ್ಲಿಗೆ ಮೊದಲು ಕುಂಕುಮ ಹಚ್ಚಿದವಳು ನಾನು ಎಂದೆ. ಮೂಡಿದ್ದೇನೂ ಇಲ್ಲ, ಸಿಟ್ಟಿನಲ್ಲಿ ನಾನು ಹೂಡಿದ ಆಟ ಎಂದೆ. ಮಾಸ್ತರರ ಮುಖ ಕಪ್ಪಿಟ್ಟಿತು. “ಸುಮೀ, ಇಷ್ಟ ಅಗ್ಗ ಮಾಡಿದ್ಯಾ? ದೇವರನ್ನೂ, ನಮ್ಮನ್ನೂ?” ಎಂದು ಬೆನ್ನು ತಿರುಗಿಸಿದರು. ಶಾಂತಾಬಾಯಿ ಕಸಬರಿಗೆ ಕೆಳಗಿಟ್ಟಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಿತ್ತು. ಬಂದು ನನ್ನ ಕಾಲಿಗೆ ಬಿದ್ದಳು. “ಹಂಗಾರ ನನ್ನ ಮಗಳನ್ನ ಉಳಿಸಿದಾಕಿ ನೀವ ಆದ್ರಿ” ಎಂದಳು.

ನಾನು ಹೌಹಾರಿ ಹಿಂದೆ ಸರಿದೆ. ಆ ಕ್ಷಣದಲ್ಲಿ ಏನು ಹೇಳಿದರೂ ಅವಳು ಕೇಳುತ್ತಿದ್ದಳು ಕಾಕಾ. ಕಟ್ಟೆ ಒಡೆಯಿರಿ, ದೇವರಿಗೆ ಬೇಡವಾಗಿದೆ ಎಂದರೆ ಒಡೆಯುತ್ತಿದ್ದಳು. ನಾಲಿಗೆಯ ತುದಿಯವರೆಗೂ ಬಂತು. ನುಂಗಿಕೊಂಡೆ. “ಮಗಳಿಗೆ ಗುಣ ಮಾಡಿದವ್ರು ದವಾಖಾನಿ ಡಾಕ್ಟರು, ನಾನಲ್ಲ” ಎಂದು ಎಬ್ಬಿಸಿ ಕೂರಿಸಿದೆ. ಟಿಟವಿ ನೆಲ ಬಿಟ್ಟು ಬೇರೆಲ್ಲೂ ಕಾವು ಕೂರುವುದಿಲ್ಲ, ತಾನಿಟ್ಟ ಕಡೆಯಲ್ಲೇ ಮೊಟ್ಟೆ ಹುಡುಕುತ್ತದೆ ಎಂದು ನೀವು ನಮಗೆ ಹೇಳಿದ್ದನ್ನೆಲ್ಲ ಹೇಳಿದೆ. ಅವಳು ತನ್ನ ಅಂಗೈ ನೋಡಿಕೊಂಡಳು.

“ಅಂದ್ರ ಅವು ನನ್ನ ಕೈಯಾಗ ಸತ್ತಾವೇನ್ರಿ?”

“ಇಲ್ಲ ಶಾಂತಾಬಾಯಿ, ನನ್ನ ಕೈಯಾಗ” ಎಂದೆ. ಅವಳು ನಂಬಿದಳೋ ಇಲ್ಲವೋ ತಿಳಿಯದು.

ಗುಡಿಗೆ ಗೋಡೆ ಏಳುತ್ತದೆ, ಇಟ್ಟಂಗಿ ಬಂದು ಬಿದ್ದಾಗಿದೆ. ಅದನ್ನು ತಡೆಯುವ ಶಕ್ತಿ ನನಗಿಲ್ಲ, ಇನ್ನೊಂದು ಸುಳ್ಳು ಹೇಳಿ ತಡೆಯುವುದೂ ಇಲ್ಲ. ನಿನ್ನೆ ಶಾಂತಾಬಾಯಿ ವಾಡೆಯನ್ನು ಹುಡುಕಿಕೊಂಡು ಬಂದಿದ್ದಳು. ಉಳಿದ ಕಾಡಿನಲ್ಲಿ ಮೊಟ್ಟೆ ಎಲ್ಲೆಲ್ಲಿ ಇರುತ್ತವೆ ತೋರಿಸಿ, ನಮ್ಮ ಕೆಲಸದ ಹೆಂಗಸರಿಗೆ ಹೇಳಬೇಕು ಎಂದಳು. ನಾಳೆ ರವಿವಾರ. ಮಾಸ್ತರರು ಬರುವುದಿಲ್ಲ, ಹೇಳಿ ಕಳಿಸಿದ್ದಾರೆ. ಅವಳು ಆರು ಹೆಂಗಸರನ್ನು ಕರೆದುಕೊಂಡು ಬರುತ್ತಾಳೆ. ಅವರ ಮುಂದೆ ಮೊದಲು ಈ ಎಲ್ಲವನ್ನೂ ಇನ್ನೊಂದು ಸಲ ಹೇಳುತ್ತೇನೆ ಕಾಕಾ. ಕೇಳಿದ ಮೇಲೂ ನನ್ನ ಹಿಂದೆ ಬರುವವರಿದ್ದರೆ ಕರೆದುಕೊಂಡು ಹೋಗುತ್ತೇನೆ.

ನಿಮ್ಮ
ಸುಮಿ