ಬೆಂಕಿ ಹಚ್ಚಿದ ದಿನ ಬರುತ್ತೇನೆ ಎಂದಿದ್ದಿರಿ

ಡಿಸೆಂಬರ್ 9, ಸೋಮವಾರ

ಅತ್ತೆ,

ನಮಸ್ಕಾರ. ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡಿ, ಪೂರ್ತಿ ಓದಿ. ಫೋನಂತೂ ನೀವು ಎತ್ತುವುದಿಲ್ಲ. ಬೈಯುವುದಿದ್ದರೆ ಆಮೇಲೆ ಎದುರಿಗೇ ಬೈಯುವಿರಂತೆ.

ನಾವು ಈ ಹಳೇ ಮನೆ ಕೊಂಡಾಗ ನೀವು ಹೊಸಿಲಲ್ಲೇ ನಿಂತು, ಇದೇನು ಮನೆಯೋ ಐಸ್ ಪೆಟ್ಟಿಗೆಯೋ, ಆ ಮುಚ್ಚಿಹೋಗಿರೋ ಅಗ್ಗಿಷ್ಟಿಕೆಗೆ ಬೆಂಕಿ ಹಚ್ಚಿದ ದಿನ ಬರ್ತೀನಿ, ಅಲ್ಲೀವರೆಗೂ ಕರೀಬೇಡ ಅಂತ ಹೊರಟುಬಿಟ್ಟಿರಿ. ಸಿಟ್ಟಿನಲ್ಲಿ ಆಡಿದ ಮಾತು ಅದು. ನಿಮ್ಮ ಮಗ ಅದನ್ನೇ ಹಟಕ್ಕೆ ತೆಗೆದುಕೊಂಡರು. ಆ ಹಟ ಯಾರ ಕಡೆಯಿಂದ ಬಂತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಗ್ಗಿಷ್ಟಿಕೆಯ ಬಾಯಿಗೆ ಕಟ್ಟಿದ್ದ ಇಟ್ಟಿಗೆಯನ್ನು ತಾವೇ ಕಿತ್ತರು. ಕಲ್ಲಿನ ಚೌಕಟ್ಟಿಗೆ ಯಾರ್ಯಾರೋ ಬಳಿದಿದ್ದ ಬಣ್ಣವನ್ನೆಲ್ಲ ಕೆರೆದು ಕೆರೆದು ತೆಗೆದರು. ಒಳಗಿನ ಸಂದುಗಳಿಗೆ ಮೇಸ್ತ್ರಿಯ ಜೊತೆ ಕೂತು ಸುಣ್ಣದ ಗಾರೆ ತುಂಬಿದರು. ಚಿಮಣಿ ಗುಡಿಸಿದ ದಿನವಂತೂ ಮುಖದಲ್ಲಿ ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ, ನಾನು ನಕ್ಕು ನಕ್ಕು ಸುಸ್ತಾದೆ. ಆಗಲೇ ಇವರಿಗೆ ಕೆಮ್ಮು ಶುರುವಾಗಿತ್ತು. ಧೂಳಿಗಿರಬೇಕು ಅಂದುಕೊಂಡೆವು.

ಧೂಳಲ್ಲ ಅತ್ತೆ, ಶ್ವಾಸಕೋಶದ ಕ್ಯಾನ್ಸರ್. ಎರಡೂ ಕಡೆ ಹರಡಿದೆ. ಡಾಕ್ಟರು ಕೈಚೆಲ್ಲಿ, ಮನೆಗೆ ಕರಕೊಂಡು ಹೋಗಿ ಅಂದರು. ಆಕ್ಸಿಜನ್ ಇರೋ ಕಡೆ ಒಂದು ಬೆಂಕಿಕಡ್ಡಿ ಕೂಡ ಗೀರಬೇಡಿ ಅಂತ ಎಚ್ಚರಿಸಿದರು.

ಅಗ್ಗಿಷ್ಟಿಕೆ ಸಿದ್ಧವಾಗಿದೆ. ಇನ್ನು ಹಚ್ಚೋದೊಂದೇ ಬಾಕಿ ಅಂತ ಮೇಸ್ತ್ರಿ ಮೆಚ್ಚಿಕೊಂಡರು, ಪಾಪ. ಅದರ ಪಕ್ಕದಲ್ಲೇ ಇವರ ಮಂಚ, ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರ್. ಇವರ ಉಸಿರಿರುವ ತನಕ ಅಗ್ಗಿಷ್ಟಿಕೆಗೆ ಬೆಂಕಿಯಿಲ್ಲ. ಆಮೇಲೆ ಉರಿದರೆಷ್ಟು, ಬಿಟ್ಟರೆಷ್ಟು! ಕೆಲವು ಸಲ ಸುತ್ತಿಗೆ ತಗೊಂಡು ಅದನ್ನು ಪುಡಿಪುಡಿ ಮಾಡಿಬಿಡೋಣ ಅನ್ನಿಸುತ್ತದೆ.

ನಿಮಗೆ ತಿಳಿಸುವುದಿಲ್ಲ ಅಂತ ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದಾರೆ. ಬೆಂಕಿ ಹಚ್ಚದೆ ಅಮ್ಮನ್ನ ಕರೆಯಲ್ಲ ಅನ್ನುತ್ತಾರೆ. ನಾನು ಆಣೆ ಮುರಿದಿದ್ದೇನೆ, ನೀವೂ ನಿಮ್ಮ ಮಾತು ಮುರಿಯಿರಿ. ಕಾಗದವನ್ನು ಮೇಸ್ತ್ರಿಯ ಕೈಯಲ್ಲೇ ಕಳಿಸುತ್ತಿದ್ದೇನೆ. ಕಾಲಿಗೆ ಬೀಳುತ್ತೇನೆ, ಉಟ್ಟ ಸೀರೆಯಲ್ಲೇ ಅವರ ಗಾಡಿ ಹತ್ತಿ ಬನ್ನಿ. ಮನೆ ಇನ್ನೂ ತಣ್ಣಗೇ ಇದೆ. ಒಂದು ಶಾಲು ತನ್ನಿ.

ನಿಮ್ಮ ಸೊಸೆ

ತಾ.ಕ.: ಬೆಳಿಗ್ಗೆ ಇವರಿಗೊಂದು ಸುಳ್ಳು ಹೇಳಿದೆ. ರೀ, ನೀವು ಆಸ್ಪತ್ರೆಯಲ್ಲಿದ್ದಾಗ ಮೇಸ್ತ್ರಿ ಬೆಂಕಿ ಹಚ್ಚಿ ನೋಡಿದರು, ಚೆನ್ನಾಗಿ ಉರಿಯಿತು, ಅತ್ತೆಗೆ ಹೇಳಿದೆ, ಹೊರಟಿದ್ದಾರೆ ಅಂದೆ. ಹಾಗಾದ್ರೆ ಗಡ್ಡ ತೆಗಿ, ಹೀಗೆ ನೋಡಿದ್ರೆ ಅಮ್ಮ ಬೈತಾಳೆ ಅಂದರು. ಬೋಳಿಸಿದೆ. ಈಗ ಬಾಗಿಲಿನ ಕಡೆ ಮುಖ ಮಾಡಿಸಿಕೊಂಡು ಮಲಗಿದ್ದಾರೆ.