ಕುಂಕುಮ ಹಚ್ಚಿದ ಕ್ಯಾಮೆರಾ ಡಬ್ಬ

ಕೋಮಲಕ್ಕ,

ನಿಂಗೆ ಮುಖ ತೋರ್ಸೋಕಾಗ್ದೆ ನಿನ್ನ ಹೀರೋ ತಮ್ಮ ಹಿಂಬಾಗ್ಲಿಂದ ಎಸ್ಕೇಪ್. ಹಾಲು ಕಾಯ್ಸಿಟ್ಟಿದೀನಿ, ಬೆಕ್ಕು ಬಾಯಿ ಹಾಕೀತು, ಮುಚ್ಚಿಡು.

ನಿನ್ನೆ ತಮಾಷೆಗೆ ಖಾಲಿ ಕ್ಯಾಮೆರಾ ಡಬ್ಬದೊಳಗೆ ತೆಂಗಿನ ಚಿಪ್ಪಿಟ್ಟು ಗಿಫ್ಟ್ ಅಂತ ಕೊಟ್ಟಾಗ, ಬಿಚ್ಚಿ ನೋಡಿ ಬೈತೀಯ ಅನ್ಕೊಂಡಿದ್ದೆ. ನೀನು ಬಿಚ್ಚೋಕೆ ಮುಂಚೆನೇ ಕುಂಕುಮ ಹಚ್ಚಿ, ಆರತಿ ಎತ್ತಿ, 'ನನ್ನ ತಮ್ಮ ತಂದ್ಕೊಟ್ಟ' ಅಂತ ಪಕ್ಕದ್ಮನೆ ಹನುಮಂತಮ್ಮನ್ನೂ ಕರೆದ್ಬಿಟ್ಟೆ. ಚಿಪ್ಪು ನೋಡಿ ಬೈಯ್ದೆ ನೀನು ನಕ್ಬಿಟ್ಟೆ ನೋಡು, ಅದೇ ಕಣೇ ಚುಚ್ತಿರೋದು. ಆಮೇಲೆ 'ನಂಗೆ ಕ್ಯಾಮೆರಾನೇ ಬೇಡ ಬಿಡೋ' ಅಂದೆ.

ಹಂಗನ್ಬೇಡಕ್ಕ. ನೀನು ಆಸೆಪಟ್ಟ ಕ್ಯಾಮೆರಾಗೆ ಬೆಲೆ ಇಳೀಲಿ, ಹಬ್ಬ ಬರ್ಲಿ ಅಂತ ನಾನು ಕಾದಿದ್ದು ಸಾಕು. ಸಂಜೆ ತರೀಕೆರೆ ಬಸ್‌ಸ್ಟ್ಯಾಂಡಿಗೆ ಬಾ, ಇವತ್ತೇ ತಗೊಳಣ. ನೀನೇ ಆರ್ಸು, ನಾನು ಒಂದು ಡೈಲಾಗೂ ಹೊಡ್ಯಲ್ಲ.

ಮೊದಲ್ನೇ ಫೋಟೋ ಮಾತ್ರ ನಂದೇ ತೆಗಿ. ನಿನ್ನೆಯ ವಿಲನ್ ಮುಖ ಇವತ್ತು ಹೆಂಗಿದೆ ಅಂತ ಹನುಮಂತಮ್ಮನ್ನೂ ಕರೆದು ತೋರ್ಸು.

ಧನಪಾಲ