ಎಣ್ಣೆಮಾವನ ಸುತ್ತು

ಯಂತ್ರಗಳ ಶೆಡ್ಡು
ಎಂಟನೇ ತಾರೀಖು, ಮಂಗಳವಾರ, ಊಟದ ಬಿಡುವು

ಪ್ರೀತಿಯ ಮಗಳೇ,

ಪ್ರೀತಿಯ ಅಂತ ಬರೆದಿದ್ದು ಅಭ್ಯಾಸಬಲ. ಹೇಗಿದ್ದೀಯ? ಕೆಮ್ಮು ಹೋಯ್ತಾ? ಅಳಿಯಂದಿರು ಚೆನ್ನಾಗಿದ್ದಾರಾ? ನಿಮ್ಮಮ್ಮನಿಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ನನ್ನ ಮೈ ಗಟ್ಟಿಯಾಗಿದೆ, ತಲೆ ಮಾತ್ರ ಕೆಟ್ಟಿದೆ. ಕೆಡಿಸಿದವಳು ನೀನು.

ಮೂವತ್ತೊಂದು ವರ್ಷ ಮಣ್ಣೆತ್ತೋ ಯಂತ್ರ ಓಡಿಸಿದ ನಿಮ್ಮಪ್ಪ ಹೋದ ವಾರ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾದ. ಹ್ಞೂಂ, ಫೇಲು! ಲೈಸೆನ್ಸ್ ಮುಂದುವರಿಸಬೇಕಾದರೆ ಇನ್ನು ಮೇಲೆ ಕೂತು ಬರೀಬೇಕಂತೆ. ಇನ್ನೊಂದು ಸಲ ತಪ್ಪಿದರೆ ಯಂತ್ರದಿಂದ ಶಾಶ್ವತವಾಗಿ ಇಳಿಯಬೇಕಂತೆ. ಪ್ರಶ್ನೆಪತ್ರಿಕೆ ನೋಡಿದರೆ ತಲೆಬುಡ ತಿಳಿಯಲಿಲ್ಲ. "ಭೂಸಮತಲನ ಯಂತ್ರ" ಅಂದರೆ ಯಾವುದು ತಾಯೀ? ಪಕ್ಕದಲ್ಲಿ ಕೂತಿದ್ದ ಟಿಪ್ಪರ್ ಡ್ರೈವರ್ ಇಸ್ತ್ರಿಪೆಟ್ಟಿಗೆ ಇರಬೇಕು ಅಂದ. ನೋಡಿದರೆ ಬುಲ್ಡೋಜರ್! ಈ ಪದಗಳನ್ನು ಹೆತ್ತ ಮಹಾತಾಯಿ ಯಾರು ಅಂತ ಪರೀಕ್ಷೆಗೆ ಅಂತ ಕೊಟ್ಟಿದ್ದ ಪಠ್ಯಪುಸ್ತಕ ತಿರುಗಿಸಿದರೆ, ಪದ ಕಟ್ಟಿದ ಸಮಿತಿಯಲ್ಲಿ ನಿನ್ನ ಹೆಸರಿತ್ತು.

ಅಲ್ಲ ಕಣೇ, ಹೋದ ವರ್ಷ ಮೂರು ಭಾನುವಾರ ಫೋನಿನಲ್ಲಿ ನನ್ನಿಂದ ಪದ ಹೇಳಿಸಿಕೊಂಡೆಯಲ್ಲ, ಯಾವ ಸೌಭಾಗ್ಯಕ್ಕೆ? ಡೋಜರಿಗೆ ನಾವು ಕೋಣ ಅಂತೀವಿ, ತಲೆ ತಗ್ಗಿಸಿ ಎದುರಿಗಿದ್ದದ್ದನ್ನೆಲ್ಲ ನೂಕಿಕೊಂಡು ಹೋಗುತ್ತೆ ಅಂತ. ರೋಡ್ ರೋಲರ್ ಲಟ್ಟಣಿಗೆ. ಡೀಸೆಲ್ ಕುಡಿದು ಕೆಲಸ ಮಾಡದೆ ಮೂಲೆಯಲ್ಲಿ ಕೂತಿರೋ ಯಂತ್ರ ಅಳಿಯ (ಇದನ್ನು ನಿನ್ನ ಗಂಡನಿಗೆ ಓದಿ ಹೇಳಬೇಡ). ನೀನೂ ಬಿದ್ದು ಬಿದ್ದು ನಗ್ತಾ ಬರ್ಕೊಂಡೆ. ಈಗ ಪುಸ್ತಕದ ಕೊನೇ ಪುಟದಲ್ಲಿ ಅಷ್ಟೂ ಪದಗಳು ಸಾಲಾಗಿ ನಿಂತಿವೆ, ಮೇಲೆ "ಬಳಸಬಾರದ ಗ್ರಾಮ್ಯ ಪದಗಳು" ಅನ್ನೋ ತಲೆಬರಹ. ಓದಿ ಮೈಯೆಲ್ಲ ಉರಿದುಹೋಯ್ತು. ಕ್ರೇನ್ ಅನ್ನೋದು ಉದ್ದ ಕತ್ತಿನ ಒಂದು ಹಕ್ಕಿಯ ಹೆಸರು ಅಂತ ನಮ್ಮ ಹಳೇ ಇಂಜಿನಿಯರು ಹೇಳಿದ್ದರು. ಬುಲ್ಡೋಜರ್ ಅಂತೂ ಮೊದಲು ಯಂತ್ರದ ಹೆಸರೇ ಅಲ್ಲವಂತೆ, ಚಾವಟಿ ಹಿಡಿದು ಜನರನ್ನು ಹೆದರಿಸೋ ಪುಂಡರನ್ನು ಹಾಗನ್ನುತ್ತಿದ್ದರಂತೆ. ಹಕ್ಕಿ ಹೆಸರು, ಪುಂಡರ ಹೆಸರು ಇಟ್ಟವರು ಮರ್ಯಾದಸ್ಥರು, ಕೋಣ ಅಂದ ನಾವು ಗ್ರಾಮ್ಯರು! ಇದ್ಯಾವ ನ್ಯಾಯ ಅಂತ ನಿಮ್ಮ ಸಮಿತಿಯನ್ನೇ ಕೇಳು.

ಅದೆಲ್ಲ ಹಾಳಾಗಲಿ. ಆ ಪಟ್ಟಿಯಲ್ಲಿ ಏಳನೇ ಪದ ಹಾಕೋಕೆ ನಿನಗೆ ಮನಸ್ಸಾದರೂ ಹೇಗೆ ಬಂತು? ಎಣ್ಣೆಮಾವನ ಸುತ್ತು. ಯಂತ್ರ ತಿರುಗುವಾಗ ಅದರ ಹಿಂಭಾಗ ಬೀಸಿ ಬರೋ ಜಾಗ, ಅಲ್ಲಿ ಯಾರೂ ನಿಲ್ಲಬಾರದು. ಎಣ್ಣೆಮಾವ ಯಾರು ಅಂತ ನಿನಗೂ ಹೇಳಬೇಕಾ? ನನ್ನ ಯಂತ್ರಕ್ಕೆ ಗ್ರೀಸು ಹಚ್ಚುತ್ತಿದ್ದವನು, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದವನು. ಬಟ್ಟೆಗೆ ಕಲೆ ಮಾಡಿದ ಅಂತ ನೀನು ಮುನಿಸಿಕೊಳ್ಳುತ್ತಿದ್ದೆ. ಅವತ್ತು ಅವನು ಹಿಂದೆ ನಿಂತಿದ್ದು ನನಗೆ ಕಾಣಲಿಲ್ಲ. ನಾನು ಯಂತ್ರ ತಿರುಗಿಸಿಬಿಟ್ಟೆ. ಅಂದಿನಿಂದ ಆ ಜಾಗಕ್ಕೆ ಅವನ ಹೆಸರು. ಹೊಸದಾಗಿ ಬಂದವರೆಲ್ಲ "ಯಾರು ಆ ಎಣ್ಣೆಮಾವ?" ಅಂತ ಕೇಳ್ತಾರೆ, ನಾನೇ ಏನೂ ಮುಚ್ಚಿಡದೆ ಹೇಳ್ತೀನಿ. ಕೇಳಿದವರು ಮತ್ತೆ ಅಲ್ಲಿ ಕಾಲಿಡಲ್ಲ. ಹತ್ತೊಂಬತ್ತು ವರ್ಷದಲ್ಲಿ ನಮ್ಮಲ್ಲಿ ಇನ್ನೊಬ್ಬರಿಗೆ ಪೆಟ್ಟಾಗಿಲ್ಲ. ನಿನ್ನ ಪುಸ್ತಕದಲ್ಲಿ ಅದು "ಪರಿಭ್ರಮಣ ನಿಷಿದ್ಧ ವಲಯ". ಅಷ್ಟುದ್ದ ಕೂಗಿ ಮುಗಿಸೋ ಹೊತ್ತಿಗೆ ಹೆಣ ಬಿದ್ದಿರುತ್ತೆ! ಪರೀಕ್ಷೆಯಲ್ಲಿ ಅದೇನು ಅಂತ ವಿವರಿಸಲು ಕೇಳಿದ್ದರು, ನನಗೆ ಗೊತ್ತಾಗದೆ ಖಾಲಿ ಬಿಟ್ಟೆ. ಮನೆಗೆ ಬಂದು ಪುಸ್ತಕ ನೋಡಿದ ಮೇಲೆ ತಿಳೀತು ಏನನ್ನು ಖಾಲಿ ಬಿಟ್ಟು ಬಂದೆ ಅಂತ. ಎರಡು ದಿನ ಅನ್ನ ಸೇರಲಿಲ್ಲ.

ಬಿಡುವು ಮುಗೀತು, ಸೈರನ್ ಕೂಗ್ತಿದೆ. ಔಷಧಿ ತಪ್ಪಿಸಬೇಡ. ಸಿಟ್ಟು ಎಷ್ಟೇ ಇದ್ದರೂ ಆಶೀರ್ವಾದಕ್ಕೆ ಕೊರತೆ ಮಾಡಿಲ್ಲ, ಇಬ್ಬರೂ ನೂರು ವರ್ಷ ಬಾಳಿ.

ನಿನ್ನ
ಗ್ರಾಮ್ಯ ಅಪ್ಪ

ಮರೆತಿದ್ದೆ: ಇಪ್ಪತ್ತೆರಡಕ್ಕೆ ಮತ್ತೆ ಪರೀಕ್ಷೆ. ಪತ್ರಿಕೆಗಳು ತಿದ್ದೋಕೆ ನಿಮ್ಮ ಸಮಿತಿಗೇ ಬರುತ್ತವಂತೆ. ನಿನ್ನ ಪದಗಳನ್ನೆಲ್ಲ ಬಾಯಿಪಾಠ ಮಾಡಿದ್ದೀನಿ. ಆದರೆ ಆ ಒಂದು ಪ್ರಶ್ನೆಗೆ ಮಾತ್ರ "ಎಣ್ಣೆಮಾವನ ಸುತ್ತು" ಅಂತಲೇ ಬರೀತೀನಿ, ಅವನು ಹೇಗೆ ಸತ್ತ ಅನ್ನೋದನ್ನೂ ಬರೀತೀನಿ. ಪತ್ರಿಕೆ ಮೇಲೆ ಹೆಸರಿರಲ್ಲ, ಬರೀ ನಂಬರು. ಅಕ್ಷರ ನೋಡಿದರೆ ನಿನಗೆ ಗೊತ್ತಾಗುತ್ತೆ, ನಿನ್ನ ಕೈ ಹಿಡಿದು ಅಆಇಈ ತಿದ್ದಿಸಿದ ಕೈ ಅದು. ಪಾಸು ಮಾಡು ಅಂತ ಕೇಳ್ತಿಲ್ಲ. ತಪ್ಪು ಅನ್ನಿಸಿದರೆ ಕೆಂಪು ಗೆರೆ ಇನ್ನೊಬ್ಬರ ಕೈಲಿ ಹಾಕಿಸಬೇಡ, ನೀನೇ ಹಾಕು.